ಬ್ರೈಟನ್‌ಗೆ ಬಸ್ ಮಾಡುವ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಬ್ರಿಟನ್ನಿನ ಎಲ್ಲ ಕನ್ನಡ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಇಂಗ್ಲೆಂಡಿನ ದಕ್ಷಿಣದ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸ್. ಊರು ಹಾಸನ. ಬೇಸಿಗೆ ಬಂತು ಅಂದರೆ ನಮ್ಮ ಸಂಘಗಳು ಬ್ರೈಟನ್‌ಗೆ ಬಸ್ ಮಾಡುವುದು ವಾಡಿಕೆ. ಸಮುದ್ರ, ಪಿಯರ್, ಪುಳಿಯೋಗರೆ ಬುತ್ತಿ, ಆಮೇಲೆ ರಾಯಲ್ ಪೆವಿಲಿಯನ್ ಎಂಬ ಹಳೆಯ ಅರಮನೆಯ ಗುಮ್ಮಟಗಳ ಮುಂದೆ ಗ್ರೂಪ್ ಫೋಟೊ. ಅದರಲ್ಲಿ ತಪ್ಪೇನಿಲ್ಲ, ನಾನೂ ಖುಷಿಯಿಂದಲೇ ಹೋಗಿದ್ದೇನೆ. ಆದರೆ ಅಂಥ ಒಂದು ಪ್ರವಾಸದಲ್ಲಿ ಮೈಕ್ ಹಿಡಿದವರು ಬಸ್ಸಿನಲ್ಲಿದ್ದ ಮಕ್ಕಳಿಗೆ ಹೇಳಿದ ಕತೆ ಕೇಳಿದ ಮೇಲೆ ಈ ಪತ್ರ ಬರೆಯಲೇಬೇಕು ಅನಿಸಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ನಮ್ಮ ಸೈನಿಕರ ಆಸ್ಪತ್ರೆಗಾಗಿ ಇಂಗ್ಲೆಂಡಿನ ದೊರೆ ತನ್ನ ಈ ಅರಮನೆಯನ್ನೇ ಬಿಟ್ಟುಕೊಟ್ಟ, ಅವರವರ ಜಾತಿ ಧರ್ಮಕ್ಕೆ ತಕ್ಕ ಹಾಗೆ ಬೇರೆ ಬೇರೆ ಅಡುಗೆಮನೆ ಮಾಡಿಸಿದ, ರಾಜೋಪಚಾರ ಮಾಡಿದ, ಹಾಗಾಗಿ ಇದು ನಮಗೆಲ್ಲ ಹೆಮ್ಮೆಯ ಜಾಗ ಅಂತ. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಇದೇ ಕತೆ ಎಷ್ಟೋ ವಾಟ್ಸಾಪ್ ಗುಂಪುಗಳಲ್ಲೂ ಓಡಾಡುತ್ತಿದೆ.

ನನ್ನ ದೂರು ಯಾವ ಒಂದು ಸಂಘದ ಮೇಲೂ ಅಲ್ಲ. ಆ ಕತೆಯ ಮೇಲೆ. ಅದು 1915ರಲ್ಲಿ ಬ್ರಿಟಿಷ್ ಸರ್ಕಾರ ಬೇಕೆಂದೇ ಹಬ್ಬಿಸಿದ ಕತೆ. ನೂರು ವರ್ಷ ದಾಟಿದ ಮೇಲೂ, ಅದೂ ಕನ್ನಡದಲ್ಲಿ, ನಮ್ಮ ಮಕ್ಕಳಿಗೆ ನಾವೇ ಅದನ್ನು ಉಪ್ಪುಖಾರ ಹಚ್ಚಿ ಹೇಳುತ್ತಿದ್ದೇವೆ.

ಮೊದಲು ಅರಮನೆಯ ವಿಷಯ. ಪೆವಿಲಿಯನ್ ಕಟ್ಟಿಸಿದ್ದು ನಾಲ್ಕನೇ ಜಾರ್ಜ್, ನಿಜ. ಇವತ್ತು ನಾವು ನೋಡುವ ಗುಮ್ಮಟ ಮಿನಾರುಗಳ ರೂಪ ಕೊಟ್ಟವನು ಜಾನ್ ನ್ಯಾಷ್ ಎಂಬ ವಾಸ್ತುಶಿಲ್ಪಿ, 1815ರಿಂದ 1822ರ ತನಕ. ಆದರೆ ವಿಕ್ಟೋರಿಯಾ ರಾಣಿಗೆ ಆ ಜಾಗ ಹಿಡಿಸಲಿಲ್ಲ. 1850ರಲ್ಲಿ ಬ್ರೈಟನ್ ಊರಿನವರು ಅದನ್ನು ಸುಮಾರು 53,000 ಪೌಂಡ್ ಕೊಟ್ಟು ಕೊಂಡುಕೊಂಡರು. ಅಂದರೆ 1914ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಅದು ಅರಮನೆಯಾಗಿ 64 ವರ್ಷದಿಂದ ಉಳಿದಿರಲಿಲ್ಲ. ಊರಿನ ಆಸ್ತಿ. ಐದನೇ ಜಾರ್ಜ್ ದೊರೆಗೆ ಬಿಟ್ಟುಕೊಡಲು ಅಲ್ಲಿ ಏನೂ ಇರಲಿಲ್ಲ. ಆದರೂ ದೊರೆಯೇ ತನ್ನ ಮನೆ ಬಿಟ್ಟುಕೊಟ್ಟ ಎಂಬ ಮಾತನ್ನು ಬೆಳೆಯಲು ಬಿಟ್ಟರು. ಇಂಗ್ಲಿಷ್, ಉರ್ದು, ಗುರುಮುಖಿಯಲ್ಲಿ ಪೆವಿಲಿಯನ್ ಬಗ್ಗೆ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು. ಫೋಟೊ ತೆಗೆಸಿ ಕಾರ್ಡ್ ಮಾಡಿಸಿದರು. ಗುಮ್ಮಟದ ಕೆಳಗೆ ಸಾಲಾಗಿ ಹಾಸಿಗೆ, ಹಾಸಿಗೆ ಮೇಲೆ ಪೇಟ ಸುತ್ತಿದ ಸೈನಿಕರು. ಆ ಚಿತ್ರಗಳು ಚೆನ್ನಾಗಿಯೇ ಇವೆ. ಅವು ಯಾಕೆ ಬೇಕಿದ್ದವು ಅನ್ನುವುದನ್ನೂ ಹೇಳಬೇಕಲ್ವಾ?

ಕಾರಣ ಕಷ್ಟದ್ದೇನಲ್ಲ. 1914ರ ಸೆಪ್ಟೆಂಬರ್ 26ಕ್ಕೆ ಭಾರತದ ಸೈನಿಕರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದರು. ಮೊದಲು ಲಾಹೋರ್ ಡಿವಿಷನ್ ಎಂಬ ಸೇನಾಪಡೆ, ಆಮೇಲೆ ಮೀರತ್ ಡಿವಿಷನ್. ಇಳಿದು ಒಂದು ತಿಂಗಳಾಗುವಷ್ಟರಲ್ಲಿ ಕಂದಕದ ಯುದ್ಧಕ್ಕೆ ನೂಕಿದರು. ಚಳಿಗೆ ತಕ್ಕ ಬಟ್ಟೆ ಎಲ್ಲರಿಗೂ ಇರಲಿಲ್ಲ. ಗಾಯಾಳುಗಳು ಸಾವಿರಗಟ್ಟಲೆ ಬರತೊಡಗಿದಾಗ ಅವರನ್ನು ಹಡಗಿನಲ್ಲಿ ಸೌತಾಂಪ್ಟನ್‌ಗೆ ತಂದು ಅಲ್ಲಿಂದ ರೈಲಿನಲ್ಲಿ ಬ್ರೈಟನ್ ಮುಂತಾದ ಕಡೆ ಸಾಗಿಸಿದರು. ಅದೇ ಹೊತ್ತಿಗೆ ತುರ್ಕಿ ಜರ್ಮನಿಯ ಕಡೆ ಸೇರಿತ್ತು. ಮುಸ್ಲಿಂ ಸೈನಿಕರು ತಿರುಗಿಬಿದ್ದರೆ ಏನು ಗತಿ ಎಂಬ ಭಯ ಲಂಡನ್‌ಗೆ. 1857ರ ನೆನಪು ಮಾಸಿರಲಿಲ್ಲ. ಪಂಜಾಬಿನ ಹಳ್ಳಿಗಳಿಂದ ಇನ್ನೂ ಜನ ಸೇನೆಗೆ ಬರಬೇಕಿತ್ತು. ಹಾಗಾಗಿ ಗಾಯಾಳುಗಳನ್ನು ಚೆನ್ನಾಗಿ ನೋಡಿಕೊಳ್ಳುವುದು ಎಷ್ಟು ಮುಖ್ಯವೋ, ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಅಂತ ತೋರಿಸುವುದೂ ಅಷ್ಟೇ ಮುಖ್ಯವಾಗಿತ್ತು.

ಚಿಕಿತ್ಸೆ ಸುಳ್ಳಲ್ಲ. ಅದನ್ನು ನರ್ಸ್ ಆಗಿ ನಾನು ಒಪ್ಪಲೇಬೇಕು. ಪೆವಿಲಿಯನ್, ಪಕ್ಕದ ಡೋಮ್ ಮತ್ತು ಕಾರ್ನ್ ಎಕ್ಸ್‌ಚೇಂಜ್ ಎಂಬ ಕಟ್ಟಡಗಳು ಸೇರಿ ಸುಮಾರು 700 ಹಾಸಿಗೆಗಳ ಆಸ್ಪತ್ರೆ ಕೆಲವೇ ವಾರಗಳಲ್ಲಿ ಎದ್ದು ನಿಂತಿತು. 1914ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗಳು ಬಂದರು, 1916ರ ಆರಂಭದ ತನಕ ನಡೆಯಿತು. ನಾಲ್ಕು ಸಾವಿರಕ್ಕೂ ಜಾಸ್ತಿ ಜನ ಇಲ್ಲಿ ಚಿಕಿತ್ಸೆ ಪಡೆದರು. ನೀವು ಒಳಗೆ ಹೋದಾಗ ದೊಡ್ಡ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಎತ್ತರದ ಕಬ್ಬಿಣದ ಕಂಬಗಳು, ಅವುಗಳ ತುದಿಯಲ್ಲಿ ತಾಮ್ರದ ತಾಳೆಗರಿಗಳು. ಎಲ್ಲರೂ ಅದರ ಫೋಟೊ ತೆಗೆಯುತ್ತಾರೆ. ಆ ಗರಿಗಳ ಕೆಳಗೇ ಆಪರೇಷನ್ ಥಿಯೇಟರ್ ಇತ್ತು. ದೊರೆಗೆ ನೂರಾರು ಬಗೆಯ ಊಟ ತಯಾರಾಗುತ್ತಿದ್ದ ಕೋಣೆಯಲ್ಲಿ ರೈತರ ಮಕ್ಕಳ ಕೈಕಾಲು ಕತ್ತರಿಸಿದರು, ಗುಂಡಿನ ಚೂರು ತೆಗೆದರು. ನಾನು ಅಲ್ಲಿ ನಿಂತಾಗ ನೋಡಿದ್ದು ಬೆಳಕು ಎಲ್ಲಿಂದ ಬೀಳುತ್ತದೆ, ನೀರು ಎಲ್ಲಿಂದ ತರುತ್ತಿದ್ದರು, ಸ್ಟ್ರೆಚರ್ ಯಾವ ಬಾಗಿಲಿನಿಂದ ಬರಬೇಕು ಅಂತ. ಕೆಲಸದ ಅಭ್ಯಾಸ. ಆಗ ಆಂಟಿಬಯಾಟಿಕ್ ಇರಲಿಲ್ಲ. ಫ್ರಾನ್ಸಿನ ಗೊಬ್ಬರ ಹಾಕಿದ ಹೊಲದ ಕೆಸರು ಗಾಯಕ್ಕೆ ಹೊಕ್ಕರೆ ಮಾಂಸ ಕೊಳೆಯುತ್ತಿತ್ತು. ಅಂಥದ್ದರಲ್ಲೂ ಇಲ್ಲಿಗೆ ಬಂದವರಲ್ಲಿ ಬಹುಪಾಲು ಜನ ಬದುಕಿದರು. ಅದಕ್ಕೆ ದುಡಿದವರಿಗೆ ನನ್ನ ಗೌರವ ಇದ್ದೇ ಇದೆ.

ಆದರೆ ಬದುಕಿದವರನ್ನು ಆಮೇಲೆ ಏನು ಮಾಡಿದರು? ಇದು ಮೈಕ್‌ನಲ್ಲಿ ಬರುವುದಿಲ್ಲ.

ವಾಸಿಯಾದವರನ್ನು ಮತ್ತೆ ಕಂದಕಕ್ಕೆ ಕಳಿಸಿದರು. ಸೈನಿಕರು ಅಂದುಕೊಂಡಿದ್ದೇ ಬೇರೆ. ಒಂದು ಸಲ ಗಾಯ ಆದರೆ ಋಣ ತೀರಿತು, ಊರಿಗೆ ಕಳಿಸುತ್ತಾರೆ ಅಂತ. ಹಾಗಾಗಲಿಲ್ಲ. ಆಸ್ಪತ್ರೆಯಿಂದ ಹೋದ ಪತ್ರಗಳಲ್ಲಿ ಈ ದುಃಖ ಮತ್ತೆ ಮತ್ತೆ ಬರುತ್ತದೆ. ಆ ಪತ್ರಗಳನ್ನು ಸೇನೆಯ ಸೆನ್ಸಾರ್ ಕಚೇರಿ ಒಡೆದು ಓದುತ್ತಿತ್ತು, ಭಾಗಗಳನ್ನು ಇಂಗ್ಲಿಷಿಗೆ ಮಾಡಿಸಿ ಮೇಲಿನವರಿಗೆ ಕಳಿಸುತ್ತಿತ್ತು. ಹಾಗಾಗಿಯೇ ಅವು ಉಳಿದುಕೊಂಡಿವೆ, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಯಾರೋ ಓದುತ್ತಾರೆ ಅಂತ ಸೈನಿಕರಿಗೂ ಗೊತ್ತಿತ್ತು. ಅದಕ್ಕೆ ಮರೆಮಾಚಿ ಬರೆದರು. ಭಾರತದಿಂದ ತಂದ ಕರಿಮೆಣಸು ಮುಗಿಯುತ್ತ ಬಂದಿದೆ, ಕೆಂಪು ಮೆಣಸನ್ನು ಮಾತ್ರ ಕಡಿಮೆ ಬಳಸುತ್ತಿದ್ದಾರೆ ಎಂಬ ಅರ್ಥದ ಸಾಲುಗಳು ಸಿಗುತ್ತವೆ. ಕರಿಮೆಣಸು ಅಂದರೆ ನಮ್ಮವರು. ಕೆಂಪು ಮೆಣಸು ಅಂದರೆ ಬಿಳಿಯರು. ಊರಿನವರು ಓದಿದ ಕೂಡಲೇ ಹಿಡಿಯುತ್ತಿದ್ದರು. ಸೆನ್ಸಾರ್‌ನವರೂ ಹಿಡಿದರು.

ಮೀರ್ ದಸ್ತ್ ಎಂಬ ಜಮಾದಾರನ, ಅಂದರೆ ಸೇನೆಯ ಕಿರಿಯ ಭಾರತೀಯ ಅಧಿಕಾರಿಯ, ಹೆಸರು ನೀವು ಕೇಳಿರಬಹುದು. 1915ರ ಏಪ್ರಿಲ್ 26ರಂದು ಬೆಲ್ಜಿಯಂನ ಈಪ್ರೆ ಹತ್ತಿರ ವಿಷಾನಿಲದ ನಡುವೆ ತನ್ನ ಜೊತೆಯವರನ್ನು ಕಾಪಾಡಿದವನು. ಅದಕ್ಕೆ ಬ್ರಿಟಿಷ್ ಸೇನೆಯ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. ಪೆವಿಲಿಯನ್ ಆಸ್ಪತ್ರೆಯಲ್ಲೇ ರೋಗಿಯಾಗಿದ್ದ. ಅದೇ ವರ್ಷ ಆಗಸ್ಟ್ 25ರಂದು ದೊರೆ ಅಲ್ಲಿಗೇ ಬಂದು, ಹೊರಗಿನ ಹುಲ್ಲುಹಾಸಿನ ಮೇಲೆ ಅವನ ಎದೆಗೆ ಪದಕ ಚುಚ್ಚಿದ. ಆ ಫೋಟೊ ಎಲ್ಲ ಕಡೆ ಹರಿದಾಡುತ್ತದೆ, ನಮ್ಮ ಬಸ್ಸಿನಲ್ಲೂ ಹೇಳಿದರು. ಹೇಳದೆ ಬಿಟ್ಟಿದ್ದು ಮುಂದಿನದು. ದೊರೆಯ ಮುಂದೆ ನಿಂತಾಗ ಅವನು ಕೇಳಿಕೊಂಡಿದ್ದು ಜಮೀನಲ್ಲ, ಬಡ್ತಿ ಅಲ್ಲ. ಒಂದು ಸಲ ಗಾಯಗೊಂಡವನನ್ನು ಮತ್ತೆ ಕಂದಕಕ್ಕೆ ಕಳಿಸಬೇಡಿ ಅಂತ ಕೇಳಿಕೊಂಡ ಎಂದು ಆಗಿನ ಪತ್ರಗಳಲ್ಲಿ ಬಂದಿದೆ. ವಿಷಾನಿಲ ಅವನ ಪುಪ್ಪುಸ ತಿಂದು ಹಾಕಿತ್ತು. ಪದಕ ಒಳ್ಳೆಯದೇ, ಆದರೆ ಈ ವಿಷಾನಿಲ ನನಗೆ ನೆಮ್ಮದಿ ಕೊಡುತ್ತಿಲ್ಲ ಎಂಬ ಅರ್ಥದಲ್ಲಿ ಅವನೇ ಊರಿಗೆ ಬರೆದಿದ್ದಾನೆ. ಅಂಥ ರೋಗಿಗಳನ್ನು ನಾನು ರಾತ್ರಿ ಪಾಳಿಯಲ್ಲಿ ನೋಡಿದ್ದೇನೆ. ಮಲಗಲು ಆಗುವುದಿಲ್ಲ. ಮೂರು ದಿಂಬು ಇಟ್ಟು ಕೂರಿಸಬೇಕು. ಪ್ರತಿ ಉಸಿರಿಗೂ ಹೆಗಲು ಮೇಲೆ ಏಳುತ್ತದೆ. ಅಂಥ ಸ್ಥಿತಿಯಲ್ಲಿದ್ದವನು ದೊರೆ ಎದುರಿಗೆ ಸಿಕ್ಕ ಒಂದೇ ಅವಕಾಶದಲ್ಲಿ ಬೇರೆಯವರಿಗಾಗಿ ಬೇಡಿಕೊಂಡ. ಹೆಮ್ಮೆ ಪಡುವುದಾದರೆ ಪದಕಕ್ಕಿಂತ ಜಾಸ್ತಿ ಈ ಮಾತಿಗೆ ಹೆಮ್ಮೆ ಪಡಬಹುದು.

ಇನ್ನು ಬ್ರೈಟನ್‌ನಲ್ಲಿ ಭಾರತೀಯರಿಗೆ ಇದ್ದ ಆಸ್ಪತ್ರೆ ಇದೊಂದೇ ಅಲ್ಲ. ಯಾರ್ಕ್ ಪ್ಲೇಸ್‌ನಲ್ಲಿ ಒಂದು ಶಾಲೆಯನ್ನು ತೆಗೆದುಕೊಂಡಿದ್ದರು. ಎಲ್ಲಕ್ಕಿಂತ ದೊಡ್ಡದು ಎಲ್ಮ್ ಗ್ರೋವ್ ದಿಬ್ಬದ ಮೇಲಿತ್ತು. ಬಡವರನ್ನು ಇಡುತ್ತಿದ್ದ ವರ್ಕ್‌ಹೌಸ್ ಕಟ್ಟಡ ಅದು. ಅಲ್ಲಿದ್ದ ಬಡವರನ್ನು ಬೇರೆ ಕಡೆ ಸಾಗಿಸಿ ಕಿಚನರ್ ಇಂಡಿಯನ್ ಆಸ್ಪತ್ರೆ ಅಂತ ಹೆಸರಿಟ್ಟರು. ಮೂರೂ ಆಸ್ಪತ್ರೆ ಸೇರಿದರೆ ಸುಮಾರು 12 ಸಾವಿರ ಗಾಯಾಳುಗಳು. ಅವರಲ್ಲಿ ಬಹಳಷ್ಟು ಜನಕ್ಕೆ ಗುಮ್ಮಟವೂ ಸಿಗಲಿಲ್ಲ, ಝೂಮರ್ ದೀಪವೂ ಸಿಗಲಿಲ್ಲ. ಕಿಚನರ್ ಆಸ್ಪತ್ರೆಯ ಗೋಡೆಗಳ ಮೇಲೆ ಮುಳ್ಳುತಂತಿ ಹಾಕಿದ್ದರು, ಕಾವಲು ಇಟ್ಟಿದ್ದರು. ರೋಗಿಗಳು, ಅಲ್ಲಿ ಕೆಲಸ ಮಾಡುವ ಭಾರತೀಯರು ಊರೊಳಗೆ ಓಡಾಡುವಂತಿಲ್ಲ. ಇಂಗ್ಲಿಷ್ ಹೆಂಗಸರ ಜೊತೆ ಮಾತಾಡಿಬಿಟ್ಟರೆ ಅನ್ನುವ ಭಯ. ಇದು ಆಸ್ಪತ್ರೆಯಲ್ಲ, ಜೈಲು ಅಂತ ಅಲ್ಲಿಂದ ಬರೆದವರಿದ್ದಾರೆ. ಅಲ್ಲಿನ ಮುಖ್ಯಾಧಿಕಾರಿ ಕರ್ನಲ್ ಬ್ರೂಸ್ ಸೀಟನ್. ಭಾರತೀಯರು ಯುದ್ಧ ತಪ್ಪಿಸಿಕೊಳ್ಳಲು ತಮ್ಮ ಕೈಗೆ ತಾವೇ ಗುಂಡು ಹೊಡೆದುಕೊಳ್ಳುತ್ತಿದ್ದಾರೆ ಎಂಬ ಗುಮಾನಿ ಎದ್ದಾಗ ಇದೇ ಸೀಟನ್ ಸಾವಿರ ಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿ, ಆ ಗುಮಾನಿಗೆ ಆಧಾರವಿಲ್ಲ ಎಂದು ವರದಿ ಕೊಟ್ಟ. ಒಂದು ಕಡೆ ಮುಳ್ಳುತಂತಿ ಹಾಕಿಸಿದವನೂ ಅವನೇ, ಇನ್ನೊಂದು ಕಡೆ ನಮ್ಮವರ ಮೇಲಿದ್ದ ಕಳಂಕ ತೊಳೆದವನೂ ಅವನೇ. ಚರಿತ್ರೆ ಹೀಗಿರುತ್ತದೆ. ಮಕ್ಕಳಿಗೆ ಇದು ಅರ್ಥ ಆಗುವುದಿಲ್ಲ ಅಂತ ಯಾಕೆ ಅಂದುಕೊಳ್ಳಬೇಕು? ಆ ಕಟ್ಟಡ ಮುಂದೆ ಬ್ರೈಟನ್ ಜನರಲ್ ಆಸ್ಪತ್ರೆ ಆಯಿತು. ಪೆವಿಲಿಯನ್‌ನಿಂದ ದೂರವೇನಿಲ್ಲ. ನಮ್ಮ ಯಾವ ಬಸ್ಸೂ ಅಲ್ಲಿ ನಿಂತಿದ್ದು ನಾನು ಕಂಡಿಲ್ಲ.

ನರ್ಸ್‌ಗಳ ವಿಷಯವನ್ನೂ ಹೇಳಿಬಿಡುತ್ತೇನೆ, ಇದು ನನ್ನ ಕಸುಬು. ಬಿಳಿಯ ಹೆಂಗಸರು ಭಾರತೀಯ ಗಂಡಸರ ಗಾಯ ತೊಳೆಯುವುದು, ಮೈ ಒರೆಸುವುದು ಸೇನೆಯ ದೊಡ್ಡವರಿಗೆ ಇಷ್ಟವಿರಲಿಲ್ಲ. ಇದ್ದ ಕೆಲವರು ಮೇಲ್ವಿಚಾರಣೆಗೆ ಮಾತ್ರ. 1915ರಲ್ಲಿ ಒಂದು ಪತ್ರಿಕೆಯಲ್ಲಿ ಫೋಟೊ ಬಂತು. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ ಖುದಾದಾದ್ ಖಾನ್, ಅವನ ಪಕ್ಕ ನಿಂತ ಒಬ್ಬ ಇಂಗ್ಲಿಷ್ ನರ್ಸ್. ಸುಮ್ನೆ ನಿಂತಿದ್ದಾಳೆ, ಅಷ್ಟೇ. ಅದಕ್ಕೇ ಗದ್ದಲ ಎದ್ದು ಭಾರತೀಯರ ಆಸ್ಪತ್ರೆಗಳಿಂದ ನರ್ಸ್‌ಗಳನ್ನು ಹಿಂದಕ್ಕೆ ಕರೆಸಿಕೊಂಡರು. ಕೆಲಸ ಬಲ್ಲ ಕೈಗಳಿದ್ದವು, ರೋಗಿಗಳೂ ಇದ್ದರು, ಮಧ್ಯೆ ಬಣ್ಣ ಬಂತು. ಇವತ್ತು ಇದೇ ದೇಶದ ವಾರ್ಡುಗಳಲ್ಲಿ ನಮ್ಮ ಕಡೆಯ ಎಷ್ಟು ಹೆಣ್ಣುಮಕ್ಕಳು ಬಿಳಿಯ ಮುದುಕರ ಬೆನ್ನು ಒರೆಸುತ್ತಿದ್ದೇವೆ, ಬೆಡ್‌ಪ್ಯಾನ್ ಎತ್ತುತ್ತಿದ್ದೇವೆ. ನಮ್ಮ ಸಂಘಗಳಲ್ಲೇ ನನ್ನಂಥವರು ಬೇಕಾದಷ್ಟಿದ್ದಾರೆ. ನಮಗೆ ಈ ಕತೆ ಗೊತ್ತಿರಬೇಡವೇ?

ಈಗ ಅಡುಗೆಮನೆಯ ಮಾತಿಗೆ ಬರುತ್ತೇನೆ. ಬಸ್ಸಿನಲ್ಲಿ ಜಾಸ್ತಿ ಚಪ್ಪಾಳೆ ಬಿದ್ದಿದ್ದು ಇದಕ್ಕೇ, ನನಗೆ ಜಾಸ್ತಿ ನೋವಾಗಿದ್ದೂ ಇದಕ್ಕೇ.

ಪೆವಿಲಿಯನ್ ಆವರಣದಲ್ಲಿ ಒಂಬತ್ತು ಅಡುಗೆಮನೆಗಳಿದ್ದವು. ವಾರ್ಡುಗಳಲ್ಲಿ ಎರಡು ನಲ್ಲಿ, ಹಿಂದೂಗಳಿಗೆ ಒಂದು, ಮುಸ್ಲಿಮರಿಗೆ ಒಂದು. ಸಿಖ್ಖರಿಗೆ ಡೇರೆಯಲ್ಲಿ ಗುರುದ್ವಾರ, ಮುಸ್ಲಿಮರಿಗೆ ನಮಾಜಿಗೆ ಹುಲ್ಲುಹಾಸು. ಫಲಕಗಳು ಉರ್ದು, ಹಿಂದಿ, ಗುರುಮುಖಿಯಲ್ಲಿ. ಕಾಯಿಲೆ ಬಿದ್ದವನಿಗೆ ಅವನ ಬಾಯಿಗೆ ಹಿಡಿಸುವ ಊಟ, ಅವನ ದೇವರು, ಅವನ ಭಾಷೆ ಸಿಗುವುದು ದೊಡ್ಡ ವಿಷಯ. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಜಾತಿಗೆ ತಕ್ಕ ವ್ಯವಸ್ಥೆ ಅಂದರೆ ಮೇಲಿನವರಿಗೆ ಅನುಕೂಲ ಮಾಡಿಕೊಟ್ಟಷ್ಟೇ ಅಲ್ಲ, ಕೆಳಗಿನವರನ್ನು ಕೆಳಗೇ ಇಟ್ಟದ್ದೂ ಹೌದು. ಆ ಆಸ್ಪತ್ರೆಗಳಲ್ಲಿ ಕಕ್ಕಸು ತೊಳೆಯಲು, ಕಸ ಗುಡಿಸಲು, ರಕ್ತದ ಬಟ್ಟೆ ಒಗೆಯಲು ಜನ ಬೇಕಲ್ವಾ? ಅವರನ್ನೂ ಭಾರತದಿಂದಲೇ ಕರೆತಂದಿದ್ದರು. ಜಾಡಮಾಲಿಗಳು, ನೀರು ಹೊರುವವರು, ಅಗಸರು, ಅಡುಗೆಯವರು. ಸೇನೆಯ ಭಾಷೆಯಲ್ಲಿ ಅವರು ಫಾಲೋವರ್ಸ್, ಹಿಂಬಾಲಕರು. ಅಸ್ಪೃಶ್ಯರನ್ನು ಬೇರೆ ಡೇರೆಯಲ್ಲಿ ಇಟ್ಟರು. ಏಳು ಸಮುದ್ರ ದಾಟಿ ಬಂದರೂ ಊರಾಚೆಯ ಕೇರಿ ಅವರ ಜೊತೆಗೇ ಬಂತು, ಸರ್ಕಾರಿ ಖರ್ಚಿನಲ್ಲಿ.

ಇದು ಸಣ್ಣ ಲೆಕ್ಕವಲ್ಲ. ಆ ಯುದ್ಧಕ್ಕಾಗಿ ಭಾರತದಿಂದ ಸುಮಾರು 14 ಲಕ್ಷ 40 ಸಾವಿರ ಜನರನ್ನು ಸೇರಿಸಿಕೊಂಡರು. ಅವರಲ್ಲಿ 5 ಲಕ್ಷ 60 ಸಾವಿರಕ್ಕೂ ಜಾಸ್ತಿ ಜನ ಬಂದೂಕು ಹಿಡಿಯದವರು. ಅಂದರೆ ಐದು ಜನರಲ್ಲಿ ಇಬ್ಬರು. ಅದೇ ಹೊತ್ತಿಗೆ ಮಹಾರರಂಥ ಅಸ್ಪೃಶ್ಯ ಸಮುದಾಯಗಳನ್ನು ಸೈನಿಕರಾಗಿ ಸೇರಿಸಿಕೊಳ್ಳುವುದನ್ನು ಬ್ರಿಟಿಷರು ನಿಲ್ಲಿಸಿ ಇಪ್ಪತ್ತು ವರ್ಷವಾಗಿತ್ತು. ಯುದ್ಧಕ್ಕೆ ಜನ ಸಾಲದೆ ಬಂದಾಗ, 1917ರಲ್ಲಿ, ಮತ್ತೆ ಅವರದೊಂದು ಪಡೆ ಕಟ್ಟಿದರು, ಯುದ್ಧ ಮುಗಿದ ಮೇಲೆ ಅದನ್ನೂ ಮುಚ್ಚಿದರು.

ಈ ಹಿಂಬಾಲಕರಲ್ಲಿ ಒಬ್ಬನ ಹೆಸರು ನಮಗೆ ಗೊತ್ತು. ಸುಖಾ. ಬ್ರೈಟನ್‌ನಲ್ಲಲ್ಲ, ಪಶ್ಚಿಮಕ್ಕೆ ನ್ಯೂ ಫಾರೆಸ್ಟ್ ಕಾಡಿನ ಬ್ರಾಕನ್‌ಹರ್ಸ್ಟ್ ಎಂಬ ಊರಿನಲ್ಲಿ ಭಾರತೀಯ ಸೈನಿಕರಿಗಾಗಿ ಲೇಡಿ ಹಾರ್ಡಿಂಜ್ ಆಸ್ಪತ್ರೆ ಇತ್ತು. ಸುಖಾ ಅಲ್ಲಿ ಜಾಡಮಾಲಿ. ಉತ್ತರ ಭಾರತದ ಬರೇಲಿಯವನು. 1915ರ ಜನವರಿ 12ರಂದು ತೀರಿಕೊಂಡ. ಮೂವತ್ತು ವರ್ಷ. ಹೆಣ ಏನು ಮಾಡುವುದು ಎಂಬ ಪ್ರಶ್ನೆ ಬಂತು. ಅವನು ಅಸ್ಪೃಶ್ಯ ಅಂತ ಹಿಂದೂಗಳು ಸುಡಲು ಒಪ್ಪಲಿಲ್ಲ, ಮುಸ್ಲಿಂ ಅಲ್ಲ ಅಂತ ವೋಕಿಂಗ್ ಊರಿನ ಮುಸ್ಲಿಮರು ಅಲ್ಲಿ ಹೂಳಲೂ ಒಪ್ಪಲಿಲ್ಲ ಎಂದು ಹೇಳುತ್ತಾರೆ. ಕೊನೆಗೆ ಆ ಊರಿನ ಸೇಂಟ್ ನಿಕೋಲಸ್ ಚರ್ಚಿನವರು ತಮ್ಮ ಹಿತ್ತಲಿನಲ್ಲಿ ಜಾಗ ಕೊಟ್ಟರು. ಊರಿನವರು ಕಲ್ಲು ನಿಲ್ಲಿಸಿದರು. ದೇಶ, ಮನೆ, ಗೆಳೆಯರನ್ನು ಬಿಟ್ಟು ಬಂದು ಆಸ್ಪತ್ರೆಯಲ್ಲಿ ಸೇವಕನಾಗಿ ದುಡಿದ, ಅವನು ಕ್ರೈಸ್ತನಲ್ಲ, ಆದರೆ ಇತರರಿಗಾಗಿ ಜೀವ ಸವೆಸಿದ ಎಂಬ ಅರ್ಥದ ಬರಹ ಆ ಕಲ್ಲಿನ ಮೇಲಿದೆ. ನಾನು ಹೋಗಿ ಓದಿದ್ದೇನೆ. ಹಳೆಯ ಚರ್ಚು, ದೊಡ್ಡ ಮರ, ಆಮೇಲೆ ಅದೇ ಊರಿನ ಆಸ್ಪತ್ರೆಗೆ ಬಂದು ಸತ್ತ ನ್ಯೂಜಿಲೆಂಡ್ ಸೈನಿಕರ ಸಾಲು ಸಾಲು ಗೋರಿಗಳು. ಸುಖಾನ ಕಲ್ಲು ಬೇರೆಯೇ ಇದೆ, ಅಕ್ಷರ ತುಂಬಿದ ಕಲ್ಲು.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಕೇಳಿ ನೋಡಿ. ಡಾಕ್ಟರು ಒಂದು ದಿನ ತಡವಾಗಿ ಬಂದರೆ ವಾರ್ಡು ಹೇಗೋ ನಡೆಯುತ್ತದೆ. ಕ್ಲೀನರ್ ಬರದಿದ್ದರೆ ಸಂಜೆಯೊಳಗೆ ನಿಂತುಹೋಗುತ್ತದೆ. ಸುಖಾನಂಥವರು ಇಲ್ಲದೆ ಮೀರ್ ದಸ್ತ್‌ನಂಥವರು ಬದುಕುತ್ತಿರಲಿಲ್ಲ. ಅಂಥವನಿಗೆ ಸತ್ತ ಮೇಲೆ ಒಂದು ಚಿತೆಯ ಜಾಗ ಕೊಡದ ವ್ಯವಸ್ಥೆಗೆ ನಾವು ಬಸ್ಸಿನಲ್ಲಿ ಕೂತು ಚಪ್ಪಾಳೆ ತಟ್ಟುವುದು ಸರಿಯೇ? ನಮ್ಮಲ್ಲಿ ಹೆಚ್ಚಿನವರು ಲಂಡನ್‌ಗೆ ಹೋದರೆ ಥೇಮ್ಸ್ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆಗೆ ಕೈ ಮುಗಿದೇ ಬರುತ್ತೇವೆ. 2015ರಲ್ಲಿ ಅದು ಅನಾವರಣಗೊಂಡಾಗ ಎಷ್ಟು ಸಂಭ್ರಮಿಸಿದೆವು. ಬಸವಣ್ಣನವರ ಮುಂದೆ ನಿಂತ ಅದೇ ಮಕ್ಕಳಿಗೆ ಎರಡು ನಲ್ಲಿಯ ಕತೆಯನ್ನು ಒಳ್ಳೆಯ ಕತೆ ಅಂತ ಹೇಗೆ ಹೇಳುತ್ತೀರಿ? ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಲು ಅಂಬೇಡ್ಕರ್ ಹೋರಾಡಬೇಕಾಗಿ ಬಂದದ್ದು ಇದಾದ ಹನ್ನೆರಡು ವರ್ಷದ ಮೇಲೆ, 1927ರಲ್ಲಿ. ಅದನ್ನೂ ಇದನ್ನೂ ಒಟ್ಟಿಗೆ ಇಟ್ಟು ಹೇಳಿ. ಮಕ್ಕಳು ತಾವೇ ಪ್ರಶ್ನೆ ಕೇಳುತ್ತಾರೆ.

ಸತ್ತವರ ಬಗ್ಗೆ. ಬ್ರೈಟನ್ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರಲ್ಲಿ 53 ಜನರನ್ನು ಊರಾಚೆ ಪ್ಯಾಚಮ್ ಹತ್ತಿರದ ಗುಡ್ಡದ ಮೇಲೆ ಸುಟ್ಟರು. ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಮುಸ್ಲಿಂ ಸೈನಿಕರನ್ನು ವೋಕಿಂಗ್‌ನ ಷಾಜಹಾನ್ ಮಸೀದಿಯ ಹತ್ತಿರ ಹಾರ್ಸೆಲ್ ಬಯಲಿನಲ್ಲಿ ಹೂಳಿದರು. ಚಿತೆ ಉರಿದ ಜಾಗದಲ್ಲಿ ಈಗ ಛತ್ರಿ ಸ್ಮಾರಕ ಇದೆ. ಎಂಟು ಕಂಬದ ಬಿಳಿ ಅಮೃತಶಿಲೆಯ ಮಂಟಪ. ವಿನ್ಯಾಸ ಮಾಡಿದವನು ಮುಂಬೈಯ ಯುವಕ ಇ. ಸಿ. ಹೆನ್ರಿಕ್ಸ್. ಸ್ಮಾರಕ ಆಗಬೇಕು ಎಂಬ ಯೋಚನೆ ಮೊದಲು ಬಂದದ್ದು ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಲೆಫ್ಟಿನೆಂಟ್ ದಾಸ್ ಗುಪ್ತಾ ಎಂಬ ವೈದ್ಯರಿಗೆ, ಬೆಂಬಲ ಕೊಟ್ಟವರು ಆಗಿನ ಮೇಯರ್ ಜಾನ್ ಆಟರ್. 1921ರ ಫೆಬ್ರವರಿ 1ರಂದು ವೇಲ್ಸ್ ರಾಜಕುಮಾರ ಅನಾವರಣ ಮಾಡಿದ. ಮಂಟಪದ ಕೆಳಗೆ ಮೂರು ದೊಡ್ಡ ಗ್ರಾನೈಟ್ ಚಪ್ಪಡಿಗಳಿವೆ. ಅವುಗಳ ಅಡಿಯಲ್ಲೇ ಚಿತೆಗೆ ಹಾಕಿದ್ದ ಕಾಂಕ್ರೀಟ್ ಕಟ್ಟೆಗಳು. ಆ 53 ಜನರ ಹೆಸರು ಅಲ್ಲಿ ಕೆತ್ತಿದ್ದು 2010ರಲ್ಲಿ. ಸುಟ್ಟು 95 ವರ್ಷವಾದ ಮೇಲೆ.

ಅಲ್ಲಿಗೆ ಕಾರು ಹೋಗುವುದಿಲ್ಲ. ಹುಲ್ಲುಗಾವಲಿನ ಮಧ್ಯೆ ನಡೆದೇ ಹೋಗಬೇಕು, ಏರು ದಾರಿ, ಮಳೆ ಬಂದಿದ್ದರೆ ಕೆಸರು. ಅದಕ್ಕೇ ನಮ್ಮ ಬಸ್ಸುಗಳು ಪೆವಿಲಿಯನ್‌ಗೇ ಮುಗಿಸಿಬಿಡುತ್ತವೆ ಅಂತ ಕಾಣುತ್ತದೆ.

ನಮ್ಮವರು ಯಾರೂ ಅಲ್ಲಿರಲಿಲ್ಲವಲ್ಲ, ಪಂಜಾಬಿನವರು, ಪಠಾಣರು, ಗೂರ್ಖಾಗಳು, ಗಢವಾಲಿಗಳ ಕತೆ ಕನ್ನಡ ಸಂಘಕ್ಕೆ ಯಾಕೆ ಅಂತ ಒಬ್ಬರು ನನ್ನನ್ನೇ ಕೇಳಿದರು. ಮೈಸೂರಿನ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಹೋದದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆಗೆ, ಅದು ನಿಜ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಊರನ್ನು ಗೆದ್ದದ್ದು ಅವರೇ, ಬೆಂಗಳೂರಿನ ಜೆ. ಸಿ. ನಗರದಲ್ಲಿ ಅವರ ಸ್ಮಾರಕ ಕಂಬ ಇದೆ. ಆದರೆ ಈ ದೇಶದಲ್ಲಿ ಆಸ್ಪತ್ರೆ ಮತ್ತು ಭಾರತೀಯರು ಅಂದರೆ ಇವತ್ತು ಅದರಲ್ಲಿ ನಾವೂ ಬರುತ್ತೇವೆ. ನಮ್ಮ ಎಷ್ಟೋ ಮನೆಗಳಿಗೆ ಅನ್ನ ಹಾಕುತ್ತಿರುವುದು ಇಲ್ಲಿನ ಆಸ್ಪತ್ರೆಗಳೇ. ನಮಗಿಂತ ಮೊದಲು ಇಲ್ಲಿನ ವಾರ್ಡುಗಳಲ್ಲಿ ನರಳಿದವರು, ದುಡಿದವರು ಯಾರು ಎಂದು ತಿಳಿಯಲು ಅವರ ಊರು ಯಾವುದು ಅಂತ ಕೇಳಬೇಕಿಲ್ಲ.

ಹಾಗಾಗಿ ನನ್ನ ಬೇಡಿಕೆಗಳು. ದೊರೆ ಅರಮನೆ ಬಿಟ್ಟುಕೊಟ್ಟ ಎಂಬ ಮಾತನ್ನು ದಯವಿಟ್ಟು ಇನ್ನು ಹೇಳಬೇಡಿ, ನಿಮ್ಮ ಕರಪತ್ರಗಳಿಂದ, ಗುಂಪಿನ ಸಂದೇಶಗಳಿಂದ ತೆಗೆಯಿರಿ. ಪೆವಿಲಿಯನ್ ಒಳಗೆ ಈ ಆಸ್ಪತ್ರೆಯ ಬಗ್ಗೆಯೇ 2010ರಲ್ಲಿ ಒಂದು ಪ್ರದರ್ಶನ ಶುರು ಮಾಡಿದರು. ಟಿಕೆಟ್ ಕೊಂಡು ಒಳಗೆ ಹೋದವರು ಝೂಮರ್ ನೋಡಿ ಹೊರಗೆ ಬರದೆ ಅದನ್ನೂ ಕೇಳಿ ನೋಡಿ, ಮಕ್ಕಳನ್ನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಹೊರಗೆ ಬಂದ ಮೇಲೆ ದಕ್ಷಿಣದ ಬಾಗಿಲನ್ನೂ ತೋರಿಸಿ. ಭಾರತದವರ ಕೊಡುಗೆಯಾಗಿ ಕಟ್ಟಿದ್ದು ಅದು, 1921ರ ಅಕ್ಟೋಬರ್‌ನಲ್ಲಿ ಪಟಿಯಾಲದ ಮಹಾರಾಜ ಅನಾವರಣ ಮಾಡಿದ. ಎಷ್ಟೋ ಜನ ಅದರ ಕೆಳಗೇ ನಡೆದು ಹೋಗಿ ಐಸ್‌ಕ್ರೀಮ್ ಕೊಳ್ಳುತ್ತಾರೆ, ಏನು ಅಂತ ಗೊತ್ತಿರುವುದಿಲ್ಲ.

ವರ್ಷಕ್ಕೊಮ್ಮೆ ಜೂನ್ ತಿಂಗಳ ಎರಡನೇ ಭಾನುವಾರದ ಹೊತ್ತಿಗೆ ಛತ್ರಿಯ ಬಳಿ ಸ್ಮರಣೆ ನಡೆಯುತ್ತದೆ. ಅದಕ್ಕೆ ಎಲ್ಲ ಸಂಘಗಳೂ ಸೇರಿ ಒಂದು ಬಸ್ ಮಾಡಿ. ಒಂದೇ ಸಾಕು. ನಡೆಯಲಾಗದ ಹಿರಿಯರಿಗೆ ಏನು ವ್ಯವಸ್ಥೆ ಇದೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಆಗುವುದಾದರೆ ಇನ್ನೊಂದು ದಿನ ಬ್ರಾಕನ್‌ಹರ್ಸ್ಟ್‌ಗೂ ಹೋಗೋಣ. ನ್ಯೂ ಫಾರೆಸ್ಟ್‌ಗೆ ಕುದುರೆ ನೋಡಲು ಹೇಗೂ ಹೋಗುತ್ತೀರಿ, ಚರ್ಚು ಅದೇ ಊರಿನಲ್ಲಿದೆ.

ಕನ್ನಡ ಕಲಿ ತರಗತಿ ನಡೆಸುವ ಮೇಷ್ಟ್ರು ಮತ್ತು ಅಕ್ಕಂದಿರಿಗೆ ಒಂದು ಮಾತು. ಮಕ್ಕಳಿಗೆ ಬರೆಯಲು ವಿಷಯ ಇಲ್ಲ ಅನ್ನುತ್ತಿರುತ್ತೀರಿ. ಮೀರ್ ದಸ್ತ್ ದೊರೆಗೆ ಮಾಡಿಕೊಂಡ ಬಿನ್ನಹ ಕೊಡಿ. ಸುಖಾನ ಮನೆಗೆ ಸುದ್ದಿ ಹೇಗೆ ಮುಟ್ಟಿರಬಹುದು ಅಂತ ಕೇಳಿ. ಓದಲು ಬಾರದ ಮನೆಗೆ ಬಂದ ಕಾಗದವನ್ನು ಯಾರು ಓದಿ ಹೇಳಿರಬಹುದು ಅಂತ ಕೇಳಿ. ಅವರ ಕನ್ನಡ ಸರಿಯಾಗಿ ಇರಲಿ ಬಿಡಲಿ, ಬರೆಯುತ್ತಾರೆ.

ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಎರಡು ಪುಟ ಕೊಟ್ಟರೆ ಈ ಮೂರೂ ಆಸ್ಪತ್ರೆಗಳ ಕತೆ, ಛತ್ರಿಗೆ ಹೋಗುವ ದಾರಿ, ವೋಕಿಂಗ್ ಮತ್ತು ಬ್ರಾಕನ್‌ಹರ್ಸ್ಟ್ ವಿವರ ಎಲ್ಲ ಸೇರಿಸಿ ಕನ್ನಡದಲ್ಲಿ ನಾನೇ ಬರೆದುಕೊಡುತ್ತೇನೆ. ನನ್ನ ಹೆಸರು ಹಾಕುವುದು ಬೇಡ. ಪಾಳಿ ಇಲ್ಲದ ದಿನ ಬಸ್ಸಿನಲ್ಲಿ ಬಂದು ಹೇಳಲೂ ತಯಾರಿದ್ದೇನೆ. ಮುಂದಿನ ಬೇಸಿಗೆಯ ಬಸ್ಸಿಗೆ ಹೆಸರು ಬರೆಸಿಕೊಳ್ಳುವಾಗಲೇ ಛತ್ರಿಗೆ ನಡೆಯುವುದಿದೆ, ಗಟ್ಟಿ ಬೂಟು ಹಾಕಿಕೊಂಡು ಬನ್ನಿ ಅಂತ ಎಲ್ಲರಿಗೂ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಹಾಸನ ಕಡೆಯ ಒಬ್ಬ ನರ್ಸ್